ಸಂಘದ ಮೊಬೈಲ್ ಪಾಠ: ಮುಕ್ತ ಸಂಪನ್ಮೂಲಗಳನ್ನು ಊರಿನ ದನಿಗೆ ತರುವ ಬಗೆ

ಸ್ತ್ರೀಶಕ್ತಿ ಗುಂಪು ಅಥವಾ ಸಂಜೀವಿನಿ ಒಕ್ಕೂಟದ ಸದಸ್ಯೆಯರಿಗೆ ಮೊಬೈಲ್ ಮೂಲಕ ಪಾಠ ಕಳುಹಿಸಲು ಹೊರಟವರು ಮೊದಲು ವಾರದ ಸಭೆಯಲ್ಲಿ ಕುಳಿತು ಫೋನುಗಳ ಲೆಕ್ಕ ತೆಗೆದುಕೊಳ್ಳಬೇಕು. ಸ್ಮಾರ್ಟ್‌ಫೋನ್ ಯಾರ ಬಳಿ ಇದೆ, ಕೀಪ್ಯಾಡ್ ಫೋನ್ ಯಾರದು, ಗಂಡನೋ ಮಗನೋ ಕೆಲಸದಿಂದ ಬಂದ ಮೇಲಷ್ಟೇ ಫೋನ್ ಕೈಗೆ ಸಿಗುವುದು ಯಾರಿಗೆ ಎಂಬುದನ್ನು ಬರೆದಿಟ್ಟುಕೊಂಡರೆ ಪಾಠದ ಅಳತೆಯೂ ವೇಳೆಯೂ ಅದರಿಂದಲೇ ತೀರ್ಮಾನವಾಗುತ್ತವೆ. ಓದು ಬಾರದವರಿಗೂ ತಲುಪಬೇಕಾದ್ದರಿಂದ ಎರಡು ನಿಮಿಷದ ಧ್ವನಿಪಾಠವೇ ಆರಂಭಕ್ಕೆ ಯೋಗ್ಯ. ಕೆಲಸ ಮಾಡುತ್ತಲೇ ಕೇಳಬಹುದು. ವಿಡಿಯೊಗಿಂತ ಬಹಳ ಕಡಿಮೆ ಡೇಟಾ ಸಾಕು. ಮೆಮೊರಿ ಕಾರ್ಡ್ ಹಿಡಿಸುವ ಕೀಪ್ಯಾಡ್ ಫೋನಿನಲ್ಲೂ ಹಾಕಿಕೊಡಬಹುದು.

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಈ ದಾರಿಯನ್ನು ನಡೆದು ನೋಡಿದ್ದಾರೆ. ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ರೈತರ ನಿರಂತರ ಕಲಿಕಾ ಕಾರ್ಯಕ್ರಮದಡಿ, ‘ವಿಡಿಯಲ್’ ಎಂಬ ಸ್ವಯಂಸೇವಾ ಸಂಸ್ಥೆಯ ಸಂಘಗಳ ಮಹಿಳೆಯರು ಬ್ಯಾಂಕ್ ಸಾಲ ಪಡೆದು ಮೇಕೆ ಸಾಕುತ್ತಿದ್ದಾಗ, ಮೇಕೆ ಸಾಕಣೆಯ ಕಿರು ಧ್ವನಿಸಂದೇಶಗಳು ಅವರ ಮೊಬೈಲಿಗೆ ಬರುತ್ತಿದ್ದವು. ಸಾಲ, ಕಸುಬು, ಪಾಠ ಮೂರೂ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಆದ್ದರಿಂದ ಸದಸ್ಯೆಯರು ಈ ತಿಂಗಳು ಮಾಡುತ್ತಿರುವ ಕೆಲಸದಿಂದಲೇ ವಿಷಯವನ್ನು ಆರಿಸಿಕೊಳ್ಳಿ. ‘ಸಬಲೀಕರಣ’ ಎಂಬ ತಲೆಬರಹದ ಭಾಷಣವನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಪಾಠದ ಸಾಮಗ್ರಿಯನ್ನು ಹುಡುಕುವಾಗ ಪರವಾನಗಿಯನ್ನು ನೋಡಲೇಬೇಕು. 2002ರ ಯುನೆಸ್ಕೊ ಸಭೆಯಲ್ಲಿ ಹೆಸರು ಪಡೆದು, 2019ರಲ್ಲಿ ಅದೇ ಸಂಸ್ಥೆಯ ಶಿಫಾರಸಾಗಿ ಅಂಗೀಕಾರಗೊಂಡ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಉಚಿತವಾಗಿ ಸಿಗುವುದಷ್ಟೇ ಅಲ್ಲದೆ ತಿದ್ದಲು, ಅನುವಾದಿಸಲು, ಮರುಹಂಚಲು ಅನುಮತಿಯನ್ನೂ ಕೊಡುತ್ತದೆ. ಯೂಟ್ಯೂಬಿನಲ್ಲಿ ಕಾಸಿಲ್ಲದೆ ಕಾಣುವ ವಿಡಿಯೊ ಸಾಮಾನ್ಯವಾಗಿ ಮುಕ್ತವಲ್ಲ. ತಮ್ಮ ಕೃತಿಯನ್ನು ಇತರರು ಹೇಗೆ ಬಳಸಬಹುದೆಂದು ಕರ್ತೃಗಳು ಮೊದಲೇ ತಿಳಿಸುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳಲ್ಲಿ ಸಿಸಿ ಬಿವೈ ಇದ್ದರೆ ಮೂಲ ಕರ್ತೃವಿನ ಹೆಸರು ಹೇಳಿ ಏನು ಬೇಕಾದರೂ ಮಾಡಿಕೊಳ್ಳಬಹುದು. ಎಸ್‌ಎ ಸೇರಿದ್ದರೆ ನೀವು ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಇದ್ದರೆ ನಮ್ಮ ಕೆಲಸಕ್ಕೆ ಅದು ಬೇಡವೇ ಬೇಡ, ಏಕೆಂದರೆ ಅನುವಾದಿಸಿ ಹಂಚುವುದೂ ನಿಷಿದ್ಧ. ಕಂಪ್ಯೂಟರ್ ಕಲಿಕೆಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ. ಈಗಷ್ಟೇ ಅಕ್ಷರ ಕೂಡಿಸಿ ಓದುವವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಹಂತಹಂತವಾಗಿ ಜೋಡಿಸಿದ ಕನ್ನಡ ಕಥೆಗಳು ಸಿಗುತ್ತವೆ. ಇಂಥ ಪಾಠಗಳ ಗ್ರಂಥಸ್ಥ ಕನ್ನಡ ಬೀದರ್ ಕಡೆಯವರಿಗೂ ಚಾಮರಾಜನಗರದವರಿಗೂ ಒಂದೇ ಸಮನೆ ದೂರ. ಅವರವರ ಆಡುಮಾತಿನಲ್ಲಿ ಮತ್ತೆ ದಾಖಲಿಸಲು ಅನುಮತಿ ಬೇಡಬೇಕಾಗಿಲ್ಲ ಎನ್ನುವುದೇ, ನನ್ನ ಎಣಿಕೆಯಲ್ಲಿ, ಮುಕ್ತ ಸಂಪನ್ಮೂಲದ ದೊಡ್ಡ ಲಾಭ.

ಒಂದು ಪಾಠವನ್ನು ಸಿದ್ಧಪಡಿಸುವ ಬಗೆಯನ್ನು ನೋಡೋಣ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂದಾಗ ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲಿದ್ದರೆ, ಅದನ್ನು ಮಗನಿಂದ ಓದಿಸಿಕೊಳ್ಳದೆ ತಾನೇ ಗುರುತಿಸುವುದು ಪಾಠದ ಗುರಿಯಾಗಿರಲಿ. ‘ಕ್ರೆಡಿಟೆಡ್’ ಎಂದಿದ್ದರೆ ಜಮಾ, ‘ಡೆಬಿಟೆಡ್’ ಎಂದಿದ್ದರೆ ಹಣ ಹೋಗಿದೆ. ಎರಡರ ಮೊದಲ ಅಕ್ಷರದ ಆಕಾರವನ್ನು ಸಭೆಯಲ್ಲಿ ಸೀಮೆಸುಣ್ಣದಿಂದ ಬರೆದು ತೋರಿಸಿ, ವಿವರಣೆಯನ್ನು ಧ್ವನಿಯಲ್ಲಿ ಕಳುಹಿಸಿ. ಮರುದಿನದ ಪಾಠದಲ್ಲಿ, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒತ್ತಿಸುವವನು ಮೋಸಗಾರ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಹೇಳಿ. ಫ್ಯಾನ್ ಆರಿಸಿದ ಕೋಣೆಯಲ್ಲಿ ಫೋನನ್ನು ಬಾಯಿಂದ ಗೇಣು ದೂರ ಹಿಡಿದು ದಾಖಲಿಸಿದರೆ ಸಾಕು, ಸ್ಟುಡಿಯೊ ಬೇಕಿಲ್ಲ. ಓದುವ ದನಿ ಬೇಡ. ಊರಿನ ದನಕರುಗಳ ಆರೈಕೆಗೆ ನೆರವಾಗುವ ಪಶು ಸಖಿಯೋ ಸಂಘದ ಲೆಕ್ಕದ ಪುಸ್ತಕ ಬರೆಯುವ ಅಕ್ಕನೋ ಎದುರು ಕುಳಿತವಳಿಗೆ ಹೇಳುವಂತೆ ಹೇಳಲಿ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ವಾಯ್ಸ್ ಮೆಸೇಜಿನಲ್ಲಿ ಕೊಡಲು ತಿಳಿಸಿ.

ವಾಟ್ಸ್ಆಪ್ ಗುಂಪು ಮಾಡಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಆಕ್ಷೇಪ ಹುಟ್ಟುವುದು ಎಷ್ಟೋ ಸಲ ಇಲ್ಲಿಂದಲೇ. ಒಂದೇ ಸಂದೇಶವನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳುಹಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿದರೆ ಆ ತೊಂದರೆಯಿಲ್ಲ, ಆದರೆ ಕಳುಹಿಸುವವರ ನಂಬರನ್ನು ಸದಸ್ಯೆಯರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರಬೇಕು. ಕೌಟುಂಬಿಕ ಹಿಂಸೆಯ ದೂರು, 181 ಮಹಿಳಾ ಸಹಾಯವಾಣಿಯಂಥ ವಿಷಯಗಳನ್ನು ಮನೆಯವರೆಲ್ಲ ಮುಟ್ಟುವ ಫೋನಿಗೆ ಕಳುಹಿಸದೆ, ಸಭೆಯಲ್ಲಿ ಮುಖಾಮುಖಿಯಾಗಿ ಹೇಳುವುದು ಕ್ಷೇಮ.

ಪಾಠ ಹಿಡಿಸಿತೋ ಇಲ್ಲವೋ ಎಂಬುದಕ್ಕೆ ನೀಲಿ ಟಿಕ್ ಸಾಕ್ಷಿಯಲ್ಲ. ಮುಂದಿನ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಎಸ್ಸೆಮ್ಮೆಸ್ ತೆರೆದು ಜಮಾ ಯಾವುದು ಎಂದು ತೋರಿಸಲಿ. ತೋರಿಸಲಾಗದವರಿಗೆ ಪಕ್ಕದವರು ಕಲಿಸಲಿ.

ಹೀಗೆ ತಯಾರಾದ ಕಡತದ ಜೊತೆ ಮೂಲ ಪಾಠದ ಹೆಸರು, ಕರ್ತೃ, ಪರವಾನಗಿ ಮತ್ತು ನೀವು ಮಾಡಿದ ಬದಲಾವಣೆಯನ್ನು ಎರಡು ಸಾಲಿನಲ್ಲಿ ಬರೆದು ಪಕ್ಕದ ಪಂಚಾಯಿತಿಯ ಒಕ್ಕೂಟಕ್ಕೂ ಕೊಡಿ. ಎನ್‌ಸಿ, ಎನ್‌ಡಿ ನಿರ್ಬಂಧವಿಲ್ಲದ ಸಾಮಗ್ರಿಯಾದರೆ ಮುಕ್ತ ಚಿತ್ರ, ಧ್ವನಿ ಕಡತಗಳ ಜಾಲತಾಣವಾದ ವಿಕಿಮೀಡಿಯ ಕಾಮನ್ಸ್‌ಗೂ ಏರಿಸಬಹುದು. ದನಿ ಯಾರದೋ ಅವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಅವರು ತಮ್ಮ ಹೆಸರು ಬೇಡವೆಂದರೆ ಸಂಘದ ಹೆಸರನ್ನಷ್ಟೇ ನಮೂದಿಸಿ.