ವಯಲ್ ಮೇಳದಲ್ಲಿ ಐದೂ ಜನ ಒಂದೇ ಶ್ರುತಿಗೆ ಬರುವುದು ಹೇಗೆ

ಮೊದಲು ಒಂದು ಮಾತು. ವಯಲ್ ಅಂದರೆ ವಯಲಿನ್ ಅಲ್ಲ. ಇಟಲಿಯವರು ಇದನ್ನು ವಿಯೋಲಾ ದ ಗಾಂಬಾ ಅನ್ನುತ್ತಾರೆ, ಗಾಂಬಾ ಅಂದರೆ ಕಾಲು. ಕಾಲುಗಳ ನಡುವೆ ಇಟ್ಟುಕೊಂಡು, ಅಂಗೈ ಮೇಲೆ ಮಾಡಿ ಕಮಾನು ಹಿಡಿದು ನುಡಿಸುವ ವಾದ್ಯ. ಆರು ತಂತಿ, ಹೆಚ್ಚಾಗಿ ಕುರಿ ಕರುಳಿನವು. ಏಳು ಮೆಟ್ಟಿಲು, ಅವೂ ಕರುಳೇ, ವಾದ್ಯದ ಕುತ್ತಿಗೆಗೆ ಸುತ್ತಿ ಗಂಟು ಹಾಕಿರುತ್ತಾರೆ. 16 ಮತ್ತು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಊಟವಾದ ಮೇಲೆ ಕೂತು ನುಡಿಸುತ್ತಿದ್ದ ಸಂಗೀತ ಇದು. ಐದು ಜನರ ಮೇಳದಲ್ಲಿ ಸಾಮಾನ್ಯವಾಗಿ ಎರಡು ಟ್ರೆಬಲ್ (ಚಿಕ್ಕದು, ಮೇಲಿನ ಸ್ವರಗಳಿಗೆ), ಎರಡು ಟೆನರ್ (ನಡುವಿನದು), ಒಂದು ಬಾಸ್ (ದೊಡ್ಡದು, ಕೆಳಗಿನ ಸ್ವರಗಳಿಗೆ) ಇರುತ್ತವೆ.

ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ವಯಲಿನ್ ಕಲಿತವಳು, ಈಗ ಇಂಗ್ಲೆಂಡಿನಲ್ಲಿ ಒಂದು ಮೇಳದಲ್ಲಿ ಟೆನರ್ ವಯಲ್ ನುಡಿಸುತ್ತೇನೆ. ತಂಬೂರಿ ಕೇಳಿ ಬೆಳೆದವರಿಗೆ ಈ ಮೇಳದಲ್ಲಿ ಅರ್ಧ ಕೆಲಸ ಆಗಲೇ ಬಂದಿರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಅಭ್ಯಾಸಕ್ಕೆ ಕನಿಷ್ಠ ಅರ್ಧ ಗಂಟೆ ಮುಂಚೆ ವಾದ್ಯವನ್ನು ಪೆಟ್ಟಿಗೆಯಿಂದ ಹೊರಗಿಡಿ. ಕರುಳು ತೇವ ಹೀರುತ್ತದೆ, ಒಣಗುತ್ತದೆ, ಕೋಣೆಗೆ ಹೊಂದಿಕೊಳ್ಳುವ ತನಕ ಒಂದು ಕಡೆ ನಿಲ್ಲುವುದಿಲ್ಲ. ಹೀಟರ್ ಪಕ್ಕ ಕೂರಲೇಬೇಡಿ. ಒಂದು ಚಳಿಗಾಲ ಒಂದು ಚರ್ಚಿನಲ್ಲಿ ನನ್ನ ಕುರ್ಚಿ ಸರಿಯಾಗಿ ಹೀಟರ್ ಎದುರಿಗಿತ್ತು. ಮೂರನೇ ತುಣುಕು ಮುಗಿಯುವ ಮೊದಲೇ ಮೇಲಿನ ತಂತಿ ಪಟ್ ಅಂತ ಹೋಯಿತು, ಆಮೇಲೆ ಹಾಕಿದ ಹೊಸ ತಂತಿ ಇಡೀ ಸಂಜೆ ಇಳಿಯುತ್ತಲೇ ಇತ್ತು. ಅದಕ್ಕೇ ಹೊಸ ತಂತಿಯನ್ನು ಕಛೇರಿಗೆ ಎರಡು ಮೂರು ದಿನ ಮೊದಲೇ ಹಾಕಿಬಿಡಿ.

ಇನ್ನು ಆಧಾರ ಶ್ರುತಿ. ಇವತ್ತಿನ ಪಿಯಾನೋದಲ್ಲಿ ಎ ಸ್ವರ 440 ಹರ್ಟ್ಜ್. ಹಳೆಯ ವಾದ್ಯಗಳ ಮೇಳಗಳು ಹೆಚ್ಚಾಗಿ 415 ಇಟ್ಟುಕೊಳ್ಳುತ್ತವೆ, ಅಂದರೆ ಅರ್ಧ ಸ್ವರ ಕೆಳಗೆ. ಹಿಂದೆ ಊರಿಗೊಂದು ಶ್ರುತಿ ಇತ್ತು, 415 ಎನ್ನುವುದು ನಮ್ಮ ಕಾಲದವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ನಮ್ಮ ಲೆಕ್ಕದಲ್ಲಿ ಇದು ಐದೂವರೆ ಮನೆ. ಮನೆಯಲ್ಲಿರುವ ಎಲೆಕ್ಟ್ರಾನಿಕ್ ತಂಬೂರಿಯನ್ನು ಐದೂವರೆ ಮನೆಗೆ ಇಟ್ಟರೆ ಅದರ ಷಡ್ಜವೇ ನಿಮ್ಮ ಎ. ನಾನು ಒಬ್ಬಳೇ ಅಭ್ಯಾಸ ಮಾಡುವಾಗ ಹೀಗೇ ಮಾಡುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಾಸ್ ವಯಲ್ ತಂತಿಗಳು ಕೆಳಗಿನಿಂದ ಡಿ, ಜಿ, ಸಿ, ಇ, ಎ, ಡಿ. ಪಕ್ಕಪಕ್ಕದ ತಂತಿಗಳ ಅಂತರ ಸ-ಮ, ಸ-ಮ, ಸ-ಗ, ಸ-ಮ, ಸ-ಮ. ಇಲ್ಲಿ ಮ ಅಂದರೆ ಶುದ್ಧ ಮಧ್ಯಮ, ಗ ಅಂದರೆ ಅಂತರ ಗಾಂಧಾರ. ನಾಲ್ಕು ಮಧ್ಯಮ, ಒಂದು ಗಾಂಧಾರ ಸೇರಿದರೆ ಸರಿಯಾಗಿ ಎರಡು ಸ್ಥಾಯಿ ಆಗಬೇಕು, ಯಾಕೆಂದರೆ ತುದಿಯ ಎರಡೂ ತಂತಿ ಡಿ. ಆದರೆ ಆಗುವುದಿಲ್ಲ! ಎರಡು ಸ್ವರ ಒಟ್ಟಿಗೆ ನುಡಿಸಿದಾಗ ಪೂರ್ತಿ ಕೂಡದಿದ್ದರೆ ನಾದ ಏರಿಳಿದು ತೂಗುತ್ತದೆ, ಅದನ್ನೇ ಅಲೆ ಅನ್ನುತ್ತೇನೆ. ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಅಳೆದರೆ ಅಲೆಯಿಲ್ಲದ ಮಧ್ಯಮ 498, ಅಲೆಯಿಲ್ಲದ ಗಾಂಧಾರ 386. ಕೂಡಿ ನೋಡಿ, 2378 ಬರುತ್ತದೆ. ಬೇಕಾದ್ದು 2400. ಆ 22 ಸೆಂಟ್ ಎಲ್ಲಾದರೂ ಹಾಕಲೇಬೇಕು. ಪಿಯಾನೋದವರು ಜಾಸ್ತಿ ಭಾಗವನ್ನು ಗಾಂಧಾರದ ಮೇಲೆ ಹೇರಿ ಅದನ್ನು 400ಕ್ಕೆ ಎತ್ತಿಬಿಟ್ಟರು. ಹಳೆಯ ಕಾಲದವರು ಗಾಂಧಾರವನ್ನು ಮುಟ್ಟದೆ, ನಾಲ್ಕೂ ಮಧ್ಯಮಗಳಿಗೆ ತಲಾ ಐದೂವರೆ ಸೆಂಟ್‌ನಷ್ಟು ಹಂಚಿದರು. ಇದಕ್ಕೇ ಕ್ವಾರ್ಟರ್ ಕಾಮಾ ಮೀನ್‌ಟೋನ್ ಅನ್ನುವುದು.

ಆ 386ರ ಗಾಂಧಾರ ಯಾವುದು ಗೊತ್ತಾ? ತಂಬೂರಿಯ ಮಂದ್ರ ಷಡ್ಜ ಮೀಟಿ ಸುಮ್ನೆ ಕೂತರೆ, ಯಾರೂ ನುಡಿಸದೆ ತಾನಾಗಿ ಮೇಲೆ ಕೇಳಿಸುತ್ತದಲ್ಲ, ಅದೇ.

ಅದಕ್ಕೇ ಬಾಸ್‌ನಿಂದ ಶುರು ಮಾಡಿ, ಒಬ್ಬೊಬ್ಬರೇ. ಐದು ಜನ ಒಟ್ಟಿಗೆ ಬಿರಡೆ ತಿರುಗಿಸಿದರೆ ಯಾರಿಗೂ ಏನೂ ಕೇಳುವುದಿಲ್ಲ. ಎ ತಂತಿಯನ್ನು ಶ್ರುತಿಗೆ ತನ್ನಿ. ಅದರ ಮೇಲಿನ ಡಿ ತಂತಿಯ ಜೊತೆ ಕಮಾನು ಎಳೆಯಿರಿ, ಅಲೆ ಪೂರ್ತಿ ನಿಲ್ಲಿಸಿ, ಆಮೇಲೆ ಡಿ ತಂತಿಯನ್ನು ಕೂದಲೆಳೆಯಷ್ಟು ಏರಿಸಿ. ನಿಧಾನವಾಗಿ ವಾಂ... ವಾಂ... ಅಂತ ತೂಗಬೇಕು, ಅಷ್ಟೇ. ಇ ತಂತಿಯನ್ನು ಎ ಕೆಳಗೆ ಹಾಗೆಯೇ ಒಂದು ಕೂದಲೆಳೆ ಇಳಿಸಿ. ಸಿ ಮತ್ತು ಇ ನಡುವೆ ಮಾತ್ರ ಅಲೆ ಇರಲೇಬಾರದು, ನೀರು ನಿಂತ ಹಾಗೆ ಇರಬೇಕು. ಜಿ, ಕೆಳಗಿನ ಡಿ ಮತ್ತೆ ಕೂದಲೆಳೆ ಕೆಳಗೆ. ಕೊನೆಗೆ ಎರಡೂ ಡಿ ನುಡಿಸಿ. ಎರಡು ಸ್ಥಾಯಿ ಕೂಡಿಬಂದರೆ ನಡುವಿನದೆಲ್ಲ ಹೆಚ್ಚು ಕಡಿಮೆ ಸರಿ ಅಂತ. ಟೆನರ್‌ಗಳು, ಟ್ರೆಬಲ್‌ಗಳು ಇದರಿಂದ ಎ, ಡಿ, ಜಿ ತೆಗೆದುಕೊಳ್ಳಲಿ. ಫೋನಿನ ಟ್ಯೂನರ್ ಬಳಸುವುದಾದರೆ ಅದರಲ್ಲಿ ಮೀನ್‌ಟೋನ್ ಆರಿಸಿಕೊಳ್ಳಿ. ಹಾಗೇ ಬಿಟ್ಟರೆ ಅದು ಪಿಯಾನೋ ಶ್ರುತಿಯನ್ನೇ ತೋರಿಸುತ್ತದೆ.

ಮೆಟ್ಟಿಲುಗಳ ವಿಷಯದಲ್ಲಿ ವೀಣೆಯವರಿಗೆ ಹೊಟ್ಟೆಕಿಚ್ಚು ಬರಬಹುದು. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಸರಿಪಡಿಸಲು ಕಸುಬಿನವರೇ ಬೇಕು. ಇಲ್ಲಿ ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ. ಸಿ ತಂತಿಯ ಎರಡನೇ ಮೆಟ್ಟಿಲನ್ನು ಕೆಳಗಿನ ಖಾಲಿ ಡಿ ಜೊತೆ ನುಡಿಸಿ ನೋಡಿ, ಸ್ಥಾಯಿ ಕೂಡುವ ತನಕ ಗಂಟನ್ನು ಸರಿಸಿ. ತಲೆನೋವು ಮೊದಲನೇ ಮೆಟ್ಟಿಲಿನದು. ಇ ತಂತಿಯಲ್ಲಿ ಅದು ಎಫ್ ಕೊಡಬೇಕು, 117 ಸೆಂಟ್ ದೂರ. ಸಿ ತಂತಿಯಲ್ಲಿ ಸಿ ಶಾರ್ಪ್ ಕೊಡಬೇಕು, ಅದು ಬರೀ 76. ಒಂದೇ ದಾರ ಎರಡು ಕಡೆ ಹೇಗೆ ಇರುತ್ತದೆ? ಕರುಳನ್ನು ಎರಡು ಸುತ್ತು ಸುತ್ತಿದ್ದರೆ ಆ ಎರಡು ಎಳೆಗಳನ್ನು ಸ್ವಲ್ಪ ಬಿಡಿಸಿ ದೂರ ಮಾಡಬಹುದು, ಆಗ ಬೇಕಾದ ಎಳೆಯ ಹಿಂದೆ ಬೆರಳಿಡಬಹುದು. ಶುರುವಿನಲ್ಲಿ ಅಷ್ಟೆಲ್ಲ ಬೇಡ. ಶಾರ್ಪ್, ಫ್ಲ್ಯಾಟ್ ಕಡಿಮೆ ಇರುವ ತುಣುಕು ಆರಿಸಿಕೊಂಡು, ಮೆಟ್ಟಿಲನ್ನು ಎಫ್‌ಗೆ ಇಟ್ಟುಬಿಡಿ.

ನಮ್ಮ ಕಡೆಯವರಿಗೆ ಎರಡು ಅಭ್ಯಾಸ ಬಿಡುವುದು ಕಷ್ಟ. ಒಂದು ಗಮಕ. ಉದ್ದ ಸ್ವರ ಸಿಕ್ಕಿದ ಕೂಡಲೇ ಬೆರಳು ತೂಗಲು ನೋಡುತ್ತದೆ, ಆದರೆ ಉಳಿದ ನಾಲ್ವರು ನಿಮ್ಮ ಸ್ವರದ ಮೇಲೆ ತಮ್ಮದನ್ನು ಕೂರಿಸುತ್ತಿರುತ್ತಾರೆ. ನೇರವಾಗಿ ಹಿಡಿಯಿರಿ. ಇನ್ನೊಂದು ಕಮಾನು. ವಯಲಿನ್ನಿನಲ್ಲಿ ಎಳೆಯುವ ಕಮಾನಿಗೆ ತೂಕ ಜಾಸ್ತಿ, ವಯಲ್‌ನಲ್ಲಿ ಒಳಗೆ ನೂಕುವ ಕಮಾನಿಗೆ. ನನಗೆ ಇದು ಕೈಗೆ ಹತ್ತಲು ಒಂದು ವರ್ಷ ಹಿಡಿಯಿತು.

ಕೂರುವುದು ದುಂಡಗೆ, ಮುಖ ನೋಡಿಕೊಂಡು. ಜಾನ್ ಡೌಲೆಂಡ್ 1604ರಲ್ಲಿ ಐದು ವಯಲ್ ಮತ್ತು ಲ್ಯೂಟ್‌ಗೆ (ಬೆರಳಲ್ಲಿ ಮೀಟುವ ತಂತಿವಾದ್ಯ) ಬರೆದ ಲಾಕ್ರಿಮೇ ಪುಸ್ತಕವನ್ನು ಅಚ್ಚು ಹಾಕಿದ ರೀತಿಯೇ ಹಾಗಿದೆ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ಒಬ್ಬೊಬ್ಬರ ಭಾಗ ಒಂದೊಂದು ದಿಕ್ಕಿಗೆ ತಿರುಗಿರುತ್ತದೆ, ಸುತ್ತ ಕೂತವರು ತಮ್ಮ ತಮ್ಮ ಕಡೆಯಿಂದ ಓದಬಹುದು. ಎದುರಿಗೆ ನಿಂತು ಕೈ ಬೀಸುವವರು ಇಲ್ಲ. ಒಬ್ಬರು ಉಸಿರು ಎಳೆದುಕೊಂಡರೆ ಅದೇ ಎತ್ತುಗಡೆ.

ಮೊದಲ ದಿನ ತುಣುಕನ್ನು ಮೊದಲಿನಿಂದ ಶುರು ಮಾಡಬೇಡಿ, ಕೊನೆಯ ಸ್ವರಗುಚ್ಛದಿಂದ ಶುರು ಮಾಡಿ. ಬಾಸ್ ಡಿ ಹಿಡಿಯಲಿ. ಅದರ ಮೇಲೆ ಒಂದು ಟೆನರ್ ಡಿ, ಮೊದಲ ಟ್ರೆಬಲ್ ಡಿ. ಆಮೇಲೆ ಇನ್ನೊಂದು ಟೆನರ್‌ನ ಎ. ಎಲ್ಲ ನಿಂತ ಮೇಲೆ ಎರಡನೇ ಟ್ರೆಬಲ್‌ನವರು ಎಫ್ ಶಾರ್ಪ್ ಸೇರಿಸಲಿ, ಮೆಲ್ಲಗೆ. ಅವರೇ ಗಾಂಧಾರ. ನಮ್ಮ ಮೇಳದಲ್ಲಿ ಅವರ ಎರಡನೇ ಮೆಟ್ಟಿಲು ಒಂದು ಚೂರು ಮುಂದಕ್ಕೆ ಸರಿದಿತ್ತು, ಸ್ವರ ಚುಚ್ಚುತ್ತಿತ್ತು. ನಾವು ನಾಲ್ವರು ಕಮಾನು ನಿಲ್ಲಿಸದೆ ಕಾದೆವು, ಅವರು ಹೆಬ್ಬೆರಳಲ್ಲಿ ಗಂಟನ್ನು ಹಿಂದಕ್ಕೆ ಒತ್ತಿ ಮತ್ತೆ ನುಡಿಸಿದರು. ಅಲೆ ನಿಂತಿತು. ನನ್ನ ವಾದ್ಯದ ಹಿಂಬದಿಯ ಹಲಗೆ ಮೊಣಕಾಲಿನ ಮೇಲೆ ಗುಂಯ್ ಅಂದಿದ್ದು ಗೊತ್ತಾಯಿತು. ಯಾರೂ ಬಿಡಲು ಒಪ್ಪಲಿಲ್ಲ, ಆ ಒಂದು ಸ್ವರಗುಚ್ಛವನ್ನೇ ತುಂಬಾ ಹೊತ್ತು ನುಡಿಸುತ್ತಾ ಕೂತೆವು.

ಅದು ಬಂದ ಮೇಲೆ ಆಂಟನಿ ಹೋಲ್ಬರ್ನ್ 1599ರಲ್ಲಿ ಅಚ್ಚು ಹಾಕಿಸಿದ ಐದು ಭಾಗಗಳ ಕುಣಿತದ ತುಣುಕುಗಳಿಂದ ಒಂದನ್ನು ತೆಗೆದುಕೊಳ್ಳಿ. 65 ಇವೆ, ಹೆಚ್ಚಿನವು ಎರಡು ಮೂರು ನಿಮಿಷದವು. ಪ್ರತಿ ತುಣುಕಿನ ನಡುವೆ ಮತ್ತೆ ಶ್ರುತಿ ನೋಡಿಕೊಳ್ಳಿ, ಬಾಸ್‌ನಿಂದಲೇ.