ಕಾಯದ ದೇವರಿಗೆ ಕನ್ನಡ ಹುಡುಕಿದ್ದು

ನಾನು ಕನ್ನಡಕ್ಕೆ ತರುತ್ತಿದ್ದ ಒಂದು ಇಂಗ್ಲಿಷ್ ಕತೆಯ ಮೊದಲ ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ಕಡಲ ತಳದಲ್ಲಿ ಮುಳುಗಿಹೋದ ಪಟ್ಟಣ, ಅಲ್ಲಿ ಯುಗಯುಗಗಳಿಂದ ಮಲಗಿರುವ ದೇವರು, ನಕ್ಷತ್ರಗಳು ಕೂಡಿಬಂದ ದಿನ ಅವನು ಏಳುತ್ತಾನೆ ಎಂಬಲ್ಲಿಗೆ ಬಂದಾಗ ದನಿ ತಗ್ಗಿಸಿ, ಸ್ವಲ್ಪ ನಿಲ್ಲಿಸಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಲೇ, "ಶ್ರೀರಂಗಪಟ್ಟಣದಲ್ಲೂ ಮಲಗಿದ್ದಾನಲ್ಲಪ್ಪ. ಎದ್ದರೆ ಒಳ್ಳೆಯದೇ ಅಲ್ಲವೇ?" ಎಂದರು. ನಾನು ಹೆದರಿಸಲು ಹೊರಟಿದ್ದೆ, ಅವರಿಗೆ ರಂಗನಾಥನ ದರ್ಶನವಾಗಿತ್ತು.

ಕತೆ ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ 1926ರಲ್ಲಿ ಬರೆದ 'ದಿ ಕಾಲ್ ಆಫ್ ಕ್ಥುಲ್ಹು', ಎಂದರೆ ಕ್ಥುಲ್ಹುವಿನ ಕರೆ. ಕಡಲ ತಳದಲ್ಲಿ ಮಲಗಿರುವ ಆ ದೇವರ ಹೆಸರೇ ಕ್ಥುಲ್ಹು. 'ವಿಯರ್ಡ್ ಟೇಲ್ಸ್' ಪತ್ರಿಕೆ ಮೊದಲು ಬೇಡವೆಂದು ಹಿಂದಿರುಗಿಸಿ, ಆಮೇಲೆ ಮನಸ್ಸು ಬದಲಿಸಿ 1928ರ ಫೆಬ್ರವರಿ ಸಂಚಿಕೆಯಲ್ಲಿ ಅಚ್ಚು ಹಾಕಿತು. ಮನುಷ್ಯ ಹುಟ್ಟುವ ಮೊದಲೇ ನಕ್ಷತ್ರಗಳಿಂದ ಇಳಿದುಬಂದ ದೇವರುಗಳು ಇದರಲ್ಲಿದ್ದಾರೆ. ಅವರು ಕೆಟ್ಟವರಲ್ಲ. ರಸ್ತೆ ಅಗಲ ಮಾಡುವಾಗ ನಾವು ಗೆದ್ದಲುಗಳ ಒಪ್ಪಿಗೆ ಕೇಳುವುದಿಲ್ಲವಲ್ಲ, ಅವರಿಗೂ ನಮಗೂ ಇರುವುದು ಅಷ್ಟೇ ಸಂಬಂಧ. ಭಯವೆಲ್ಲ ಅಲ್ಲಿಂದ ಹುಟ್ಟುತ್ತದೆ.

ಕನ್ನಡದಲ್ಲಿ ಇದನ್ನು ಹೇಳುವುದು ಇಷ್ಟು ಕಷ್ಟವೆಂದು ನಾನು ಅಂದುಕೊಂಡಿರಲಿಲ್ಲ. ಹೆದರಿಕೆಯ ಪದಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ನಮ್ಮ ಭಯಗಳಿಗೆಲ್ಲ ನಮ್ಮೊಡನೆ ಲೇವಾದೇವಿ ಇದೆ. ಮಾರಿ ಮುನಿದರೆ ಜಾತ್ರೆ, ಪಂಜುರ್ಲಿ ಮುನಿದರೆ ಕೋಲ, ನಾಗನಿಗೆ ತನಿ, ಸತ್ತ ಹಿರಿಯರಿಗೆ ಎಡೆ. ಮುನಿಯುವುದೆಂದರೆ ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಂಡಿರುವುದು ಎಂದೇ ಅರ್ಥ. ಲೆಕ್ಕಕ್ಕೇ ಇಟ್ಟುಕೊಳ್ಳದ ದೇವರಿಗೆ ನನ್ನ ಬಳಿ ಪದವೇ ಇರಲಿಲ್ಲ.

ಮೊದಲ ಕರಡಿನಲ್ಲಿ ಸಲೀಸಾಗಿ 'ಅಸುರ' ಎಂದು ಬರೆದುಬಿಟ್ಟಿದ್ದೆ. ಅಸುರ ಬಂದೊಡನೆ ಎದುರಿಗೆ ಸುರರು ಬಂದು ನಿಲ್ಲುತ್ತಾರೆ, ಓದುಗ ಅವತಾರಕ್ಕೆ ಕಾಯತೊಡಗುತ್ತಾನೆ. ಇದೇ ಎಡವಟ್ಟನ್ನು ಆಗಸ್ಟ್ ಡೆರ್ಲೆತ್ ಇಂಗ್ಲಿಷಿನಲ್ಲೇ ಮಾಡಿದ್ದ. 1937ರಲ್ಲಿ ಲವ್‌ಕ್ರಾಫ್ಟ್ ತೀರಿಕೊಂಡ ಮೇಲೆ ಅವನ ಕತೆಗಳು ಪುಸ್ತಕವಾಗಿ ಉಳಿಯಲೆಂದು 1939ರಲ್ಲಿ ಡೊನಾಲ್ಡ್ ವಾಂಡ್ರೆ ಜೊತೆ ಅರ್ಕಮ್ ಹೌಸ್ ಎಂಬ ಪ್ರಕಾಶನ ಕಟ್ಟಿದವನು ಡೆರ್ಲೆತ್. 'ಕ್ಥುಲ್ಹು ಪುರಾಣ' ಎಂಬ ಅರ್ಥದ ಹೆಸರನ್ನು ರೂಢಿಗೆ ತಂದವನೂ ಅವನೇ. ಆದರೆ ತನ್ನ ಕತೆಗಳಲ್ಲಿ ಆ ದೇವರುಗಳನ್ನು ಒಳ್ಳೆಯವರು ಕೆಟ್ಟವರು ಎಂದು ಎರಡು ಬಣ ಮಾಡಿ, ಒಬ್ಬೊಬ್ಬರಿಗೂ ನೀರು, ಗಾಳಿ, ಮಣ್ಣು, ಬೆಂಕಿ ಎಂದು ಖಾತೆ ಹಂಚಿದ. ಸಚಿವ ಸಂಪುಟ ರಚನೆಯಾದ ಹಾಗೆ. ಅಲ್ಲಿಗೆ ಭಯ ಮುಗಿಯಿತು. ಅವನನ್ನು ನಾನು ಗೆಳೆಯರೆದುರು ಎಷ್ಟೋ ಸಲ ಆಡಿಕೊಂಡಿದ್ದೆ, ಈಗ ನನ್ನ ಕರಡಿನಲ್ಲೇ ಅವನು ಕುಳಿತಿದ್ದ. ಅಸುರ, ರಾಕ್ಷಸ, ದೈತ್ಯ ಮೂರನ್ನೂ ಹೊಡೆದುಹಾಕಿದೆ.

ಹಾಗಾದರೆ ಆ ಕುಲಕ್ಕೆ ಏನೆಂದು ಕರೆಯುವುದು? ಇಂಗ್ಲಿಷಿನ 'ಗ್ರೇಟ್ ಓಲ್ಡ್ ಒನ್ಸ್' ಎಂಬ ಹೆಸರಿನಲ್ಲಿ ಇರುವುದು ದೊಡ್ಡತನ ಮತ್ತು ಹಳತನ. 'ಪುರಾತನರು' ಎಂದು ಬರೆದು ಒಂದು ವಾರ ಹಿಗ್ಗಿದೆ. ಶರಣ ಸಾಹಿತ್ಯ ಓದಿದ ಗೆಳೆಯರೊಬ್ಬರು ನೋಡಿ ನಕ್ಕರು. ಅರವತ್ತಮೂವರು ಪುರಾತನರು ಶಿವಭಕ್ತರಲ್ಲವೇ, ಅವರನ್ನೇಕೆ ಕಡಲಿಗೆ ಹಾಕಿದಿರಿ ಎಂದು ಕೇಳಿದರು. 'ಹಿರಿಯರು' ಎಂದರೆ ಮಹಾಲಯ ಅಮಾವಾಸ್ಯೆ. 'ಹಳಬರು' ಎಂದರೆ ನಮ್ಮ ಕಚೇರಿಯಲ್ಲಿ ನಿವೃತ್ತಿಗೆ ಎರಡು ವರ್ಷ ಉಳಿದವರು. 'ಅನಾದಿ', 'ಅವರ್ಣನೀಯ', 'ಅಗೋಚರ' ಎಲ್ಲವನ್ನೂ ಭಕ್ತಿಯವರು ಮೊದಲೇ ಕಾಯ್ದಿರಿಸಿದ್ದಾರೆ.

ದಾರಿ ತೋರಿಸಿದ್ದು ವ್ಯಾಕರಣ. ದೇವರನ್ನು ನಾವು ಅವನು ಎನ್ನುತ್ತೇವೆ, ಅವಳು ಎನ್ನುತ್ತೇವೆ, ಸಲಿಗೆಯಿಂದ ನೀನು ಎನ್ನುತ್ತೇವೆ. ಆದರೆ ಯಾರದಾದರೂ ಮೈಮೇಲೆ ಬಂದ ಗಳಿಗೆಯಲ್ಲಿ ಮಾತ್ರ "ದೇವರು ಬಂತು" ಎಂಬ ಮಾತು ಬರುತ್ತದೆ. ಆ ಒಂದು 'ಬಂತು' ಸಾಕಾಯಿತು. ಕುಲದ ಹೆಸರು 'ಮೊದಲಿದ್ದವು' ಎಂದಾಯಿತು. ಮೊದಲಿದ್ದವು ನಕ್ಷತ್ರಗಳಿಂದ ಇಳಿದವು, ಕಟ್ಟಿದವು, ಮಲಗಿದವು. ಕತೆಯ ಉದ್ದಕ್ಕೂ ಕ್ಥುಲ್ಹು 'ಅದು' ಆಯಿತು. ಮೂಲದಲ್ಲಿ ಅವನು, ಅದು ಎರಡೂ ಇವೆ, ನಾನು ಒಂದನ್ನೇ ಹಿಡಿದೆ. ತಪ್ಪೆನ್ನುವವರಿದ್ದರೆ ಇರಲಿ.

ಒಂದು ಸಾಲಿಗೆ ಮಾತ್ರ ಹನ್ನೊಂದು ದಿನ ಹಿಡಿಯಿತು. ಕತೆಯಲ್ಲಿ ಆರಾಧಕರು ಪಠಿಸುವ ಸಾಲು ಅದು: ತನ್ನ ಮನೆಯಲ್ಲಿ ಸತ್ತ ಕ್ಥುಲ್ಹು ಕನಸು ಕಾಣುತ್ತ ಕಾಯುತ್ತಿದೆ. ಎಲ್ಲ ಸರಿ, 'ಕಾಯುತ್ತಿದೆ' ಎಂಬಲ್ಲಿ ಕೈ ನಿಂತಿತು. ಬಸ್ಸಿಗೆ ಕಾಯುವುದೂ ಕಾಯುವುದೇ, ದಾಸರು "ಕಾಯೋ" ಎಂದು ಕರೆದದ್ದೂ ಕಾಯುವುದೇ. ದೇವರ ಪಕ್ಕ ಇಟ್ಟರೆ ಈ ಕ್ರಿಯಾಪದ ತಾನಾಗಿ ರಕ್ಷಣೆಗೆ ನಿಂತುಬಿಡುತ್ತದೆ. 'ನಿರೀಕ್ಷಿಸುತ್ತಿದೆ' ಎಂದರೆ ಸುತ್ತೋಲೆಯ ಭಾಷೆ. ಕೊನೆಗೆ 'ಹೊತ್ತು ಕಾಯುತ್ತಿದೆ' ಎಂದೆ. ಹೊಂಚು ಸ್ವಲ್ಪ ಹೆಚ್ಚಾಯಿತೇನೋ, ಆದರೆ ರಂಗನಾಥ ಹೊರಗುಳಿದ.

ಕ್ಥುಲ್ಹು ಎಂಬ ಹೆಸರಿನ ಕಾಟ ಬೇರೆ. ಅದು ಮನುಷ್ಯನ ನಾಲಿಗೆಗೆ ಹುಟ್ಟಿದ ಶಬ್ದವೇ ಅಲ್ಲ, ಮೊದಲ ಭಾಗವನ್ನು ಗಂಟಲಿನಿಂದ ದಪ್ಪಗೆ ಹೊರಡಿಸಬೇಕು ಎಂದು ಲವ್‌ಕ್ರಾಫ್ಟ್ 1934ರ ಒಂದು ಪತ್ರದಲ್ಲಿ ವಿವರಿಸಿದ್ದಾನೆ. ಇಂಗ್ಲಿಷ್ ಓದುಗ ಆ ಅಕ್ಷರಗಳ ಗುಂಪನ್ನು ಕಣ್ಣಿನಲ್ಲೇ ದಾಟಿಕೊಂಡು ಹೋಗಬಹುದು. ನಮ್ಮ ಲಿಪಿ ಹಾಗೆ ಬಿಡುವುದಿಲ್ಲ. ಬರೆದ ಮೇಲೆ ಉಚ್ಚರಿಸಿದ ಹಾಗೆಯೇ. ಕಕ್ಕೆ ಥ ಒತ್ತು, ಲಕ್ಕೆ ಹ ಒತ್ತು ಕೊಟ್ಟು ನಾಲಿಗೆ ಎರಡು ಕಡೆ ಎಡವುವಂತೆ ಮಾಡಿದೆ. ಅಷ್ಟು ಮಾಡಿದರೆ, ಕರಡು ತಿದ್ದಿದವರು ನನ್ನ ಕಾಗುಣಿತಕ್ಕೆ ಮರುಗಿ ಮೂರು ಕಡೆ 'ಕುತೂಹಲದ ಕರೆ' ಎಂದು ಸರಿಪಡಿಸಿದ್ದರು. ಕೆಟ್ಟ ಶೀರ್ಷಿಕೆಯೇನಲ್ಲ.

ಲೂಯಿಸಿಯಾನಾದ ಜವುಗು ಕಾಡಿನಲ್ಲಿ ಆರಾಧಕರನ್ನು ಪೊಲೀಸರು ಹಿಡಿಯುವ ಭಾಗದಲ್ಲಿ ಲವ್‌ಕ್ರಾಫ್ಟನ ಜನಾಂಗದ್ವೇಷ ಢಾಳಾಗಿದೆ. ಕನ್ನಡದಲ್ಲಿ ಅದನ್ನು ಮೆತ್ತಗೆ ಮಾಡುವುದು ಬಲು ಸುಲಭ, ಎರಡು ವಿಶೇಷಣ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಡಲಿಲ್ಲ. ವಿಶ್ವ ಫ್ಯಾಂಟಸಿ ಪ್ರಶಸ್ತಿಯಾಗಿ ಕೊಡುತ್ತಿದ್ದ ಅವನ ಮುಖದ ಪ್ರತಿಮೆಯನ್ನು 2015ರಲ್ಲಿ ಕೈಬಿಟ್ಟದ್ದು ಏಕೆಂದು ಓದುಗನಿಗೂ ತಿಳಿಯಲಿ.

ಈಗ ಲವ್‌ಕ್ರಾಫ್ಟನ ಗೆಳೆಯ, ಕತೆಗಾರ ಕ್ಲಾರ್ಕ್ ಆಷ್ಟನ್ ಸ್ಮಿತ್‌ನನ್ನು ಹಿಡಿದಿದ್ದೇನೆ. ಅವನು ತೀರಿಕೊಂಡದ್ದು 1961ರಲ್ಲಿ, ನಮ್ಮ ಕೃತಿಸ್ವಾಮ್ಯ ಕಾನೂನಿನ 60 ವರ್ಷ ಮುಗಿದಿರುವುದರಿಂದ ಯಾರ ಅಪ್ಪಣೆಯೂ ಬೇಕಿಲ್ಲ. ಈ ಗೆಳೆಯರು ದೇವರುಗಳನ್ನು ಅಕ್ಕಪಕ್ಕದ ಮನೆಯವರು ಹೆಪ್ಪು ಕೊಟ್ಟುಕೊಂಡ ಹಾಗೆ ಕೊಟ್ಟು ತೆಗೆದುಕೊಂಡರು. ಸ್ಮಿತ್ ಸೃಷ್ಟಿಸಿದ ತ್ಸಾಥೊಗ್ವಾ ಲವ್‌ಕ್ರಾಫ್ಟನಿಗೆ ಎಷ್ಟು ಹಿಡಿಸಿತೆಂದರೆ, ಸ್ಮಿತ್‌ನ ಕತೆ 1931ರ ನವೆಂಬರಿನಲ್ಲಿ ಅಚ್ಚಾಗುವ ಮೊದಲೇ, ಆಗಸ್ಟಿನಲ್ಲಿ ಬಂದ ಲವ್‌ಕ್ರಾಫ್ಟನ ಕತೆಯಲ್ಲಿ ಅದು ಕಾಣಿಸಿಕೊಂಡಿತ್ತು. ಆದ್ದರಿಂದ ಒಬ್ಬನ ಕತೆಯಲ್ಲಿ ಇಟ್ಟ ಹೆಸರು ಇನ್ನೊಬ್ಬನಲ್ಲೂ ಅದೇ ಇರಬೇಕು. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ತ್ಸಾಥೊಗ್ವಾ ಡೊಳ್ಳುಹೊಟ್ಟೆಯ, ಸೋಮಾರಿ, ಕಪ್ಪೆಯಂಥ ದೇವರು. ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಕಪ್ಪೆಗೆ ಮದುವೆ ಮಾಡಿಸುತ್ತಾರೆ. ಕರಡು ಇನ್ನೂ ಅಮ್ಮನಿಗೆ ಓದಿಲ್ಲ.