ಹೊಳೆ ಬಂದ ವರ್ಷ ನಾನು ಕಲಿತ ಪ್ರಾರ್ಥನೆ

ಹೆದರಿದವರಿಗೆ ನಂಬಿಕೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗೋಕಾಕದಲ್ಲಿ ಹೊಳೆ ದಂಡೆಗೆ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಮಳೆಗಾಲ ಬಂತೆಂದರೆ ನನಗೆ ಈಗಲೂ ಎದೆ ಡವಡವ ಅನ್ನುತ್ತದೆ. ಹಾಗಿದ್ದೂ ದೇವರ ಮೇಲೆ ಭಾರ ಹಾಕಿ ಬದುಕುತ್ತಿದ್ದೇನೆ. ಅದು ಹೇಗೆ ಅಂತ, ರಾತ್ರಿ ನಿದ್ದೆ ಬಾರದೆ ಹೊರಳಾಡುವವರಿಗಾಗಿ ಬರೆಯುತ್ತಿದ್ದೇನೆ.

2019ರ ಆಗಸ್ಟ್‌ನಲ್ಲಿ ಏನಾಯಿತು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿ ಘಟಪ್ರಭಾ ಊರೊಳಗೆ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ನಾವು ಉಟ್ಟ ಬಟ್ಟೆಯಲ್ಲೇ ಹೊರಬಿದ್ದು ಒಂದು ಶಾಲೆಯಲ್ಲಿ ಉಳಿದೆವು. ಯಾವ ಯಾವುದೋ ಊರಿನವರು ಜೋಳದ ರೊಟ್ಟಿ, ಚಟ್ನಿಪುಡಿ ಗಂಟು ಕಟ್ಟಿ ಕಳಿಸಿದ್ದರು. ಅವರ ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ. ಅವರಿಗಾಗಿ ಇವತ್ತಿಗೂ ಪ್ರಾರ್ಥಿಸುತ್ತೇನೆ.

ನೀರು ಇಳಿದ ಮೇಲೆ ಮನೆಗೆ ಬಂದೆವು. ಹಿತ್ತಲ ಗೋಡೆ ಕುಸಿದಿತ್ತು. ನನ್ನ ಹೊಲಿಗೆ ಮಷಿನ್ ಕೆಸರಲ್ಲಿ ಮಗುಚಿ ಬಿದ್ದಿತ್ತು. ಮನೆಯ ಅರ್ಧ ಖರ್ಚು ನಡೆಯುತ್ತಿದ್ದುದು ಅದರಿಂದಲೇ. ತಗಡು ಸರಿಸಿ ನೋಡಿದರೆ ಶಟಲ್ ಒಳಗೆ, ಬಾಬಿನ್ ಸುತ್ತ, ಹಲ್ಲುಗಳ ಸಂದಿಯಲ್ಲಿ, ಎಲ್ಲಾ ಕಡೆ ನುಣ್ಣನೆಯ ರಾಡಿ. ಒಂದೊಂದೇ ಭಾಗ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದೆ. ಹಲ್ಲುಜ್ಜುವ ಹಳೇ ಬ್ರಷ್ ತಗೊಂಡು ತಿಕ್ಕಿದೆ. ಒರೆಸಿದಷ್ಟೂ ಬಟ್ಟೆಗೆ ಮತ್ತೆ ಕಂದು ಬಣ್ಣ ಹತ್ತುತ್ತಿತ್ತು. ಗಾಲಿ ತಿರುಗಿಸಿದರೆ ಗರಗರ ಸದ್ದು. ಮಗನ ಫೀ, ಸಂಘದ ಸಾಲದ ಕಂತು, ಬಿದ್ದ ಗೋಡೆ, ಎಲ್ಲಾ ಒಮ್ಮೆಲೇ ಕಣ್ಣ ಮುಂದೆ ಬಂದು ಕೈ ನಡುಗತೊಡಗಿತು.

ಆ ದಿನಗಳಲ್ಲಿ ಪ್ರಾರ್ಥನೆಗೆ ಕೂತರೆ ರೂಢಿಯ ಸ್ತೋತ್ರದ ಮಾತುಗಳೇ ಬಾಯಿಗೆ ಬರುತ್ತಿದ್ದವು. ಮನಸ್ಸು ಅವುಗಳ ಜೊತೆ ಹೋಗುತ್ತಿರಲಿಲ್ಲ. ಆಗ ಬೈಬಲಿನ ಕೀರ್ತನೆಗಳನ್ನು ತೆಗೆದು ಕೂತೆ. ಹಬ್ಬದ ದಿನ ಓದುವ ಕೀರ್ತನೆಗಳಲ್ಲ, ಅಳುವ ಕೀರ್ತನೆಗಳು. 69ನೇ ಕೀರ್ತನೆಯಲ್ಲಿ ಒಬ್ಬ ಮನುಷ್ಯ ಕೂಗುತ್ತಾನೆ: ನೀರು ಕುತ್ತಿಗೆವರೆಗೆ ಬಂದಿದೆ, ಕೆಸರಲ್ಲಿ ಹೂತು ಹೋಗುತ್ತಿದ್ದೇನೆ, ಕಾಲೂರಲು ನೆಲವಿಲ್ಲ, ಕೂಗಿ ಕೂಗಿ ಗಂಟಲು ಒಣಗಿದೆ. ನಮ್ಮ ಓಣಿಯವರೇ ಯಾರೋ ಬರೆದಂತಿತ್ತು. 88ನೇ ಕೀರ್ತನೆ ಇನ್ನೂ ಕಠಿಣ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಇಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾನೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಅತ್ತೆ. ನನಗೂ ಹೀಗೆ ಮಾತಾಡಲು ಅವನು ಅಪ್ಪಣೆ ಕೊಟ್ಟ ಹಾಗಾಯಿತು.

ಅಲ್ಲಿಂದ ಒಂದು ರೂಢಿ ಮಾಡಿಕೊಂಡೆ. ಸುಮ್ನೆ 'ಕಾಪಾಡಪ್ಪಾ' ಅನ್ನುವುದಿಲ್ಲ. ಹೆದರಿಕೆ ಯಾವುದು ಅಂತ ಬಾಯಿಬಿಟ್ಟು ಹೇಳುತ್ತೇನೆ. 'ಕರ್ತನೇ, ಶುಕ್ರವಾರ ಕಂತು ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲ. ಸಂಘದ ಹೆಂಗಸರ ಮುಂದೆ ತಲೆ ತಗ್ಗಿಸಬೇಕಾಗುತ್ತೆ ಅಂತ ಹೆದರಿಕೆ.' ಇಷ್ಟು ನೇರವಾಗಿ. ಆಮೇಲೆ ಒಂದು ಕೀರ್ತನೆ ಜೋರಾಗಿ ಓದುತ್ತೇನೆ. ಕೊನೆಗೆ ಆ ದಿನಕ್ಕೆ ಬೇಕಾದ್ದನ್ನು ಮಾತ್ರ ಕೇಳುತ್ತೇನೆ. ಯೇಸು ತನ್ನ ಶಿಷ್ಯರಿಗೆ ಕೇಳಲು ಕಲಿಸಿದ್ದೂ ಅಂದಂದಿನ ಆಹಾರವನ್ನೇ ಅಲ್ವಾ? ಇಡೀ ವರ್ಷದ ಚಿಂತೆಯನ್ನು ಒಂದೇ ರಾತ್ರಿ ಹೊರಲು ನನ್ನಿಂದ ಆಗುವುದಿಲ್ಲ. ಹೀಗೆ ಹೇಳಿಕೊಂಡ ಮೇಲೂ ಹೆದರಿಕೆ ಇರುತ್ತಿತ್ತು, ಆದರೆ ಎದ್ದು ಒಲೆ ಹಚ್ಚುವಷ್ಟು ಬಲ ಬರುತ್ತಿತ್ತು.

ಆಗ ತುಂಬಾ ಜನ ಪ್ರವಾದಿ ಯೆಶಾಯನ ಪುಸ್ತಕದ 43ನೇ ಅಧ್ಯಾಯದ ಮಾತನ್ನು ಕಳಿಸಿದರು. ನೀನು ಜಲರಾಶಿ ಹಾಯುವಾಗ ನಾನು ನಿನ್ನ ಸಂಗಡ ಇರುವೆನು, ನದಿಗಳು ನಿನ್ನನ್ನು ಮುಳುಗಿಸವು ಅನ್ನುವ ಮಾತು. ನಮ್ಮ ಮನೆ ಮುಳುಗಿಯೇ ಹೋಗಿತ್ತಲ್ಲ, ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಪಾಸ್ಟರ್ ಹತ್ತಿರ ಹೋಗಿ ಕೇಳಿದೆ. ಅವರು ಆ ಮಾತು ಯಾರಿಗೆ ಬಂದದ್ದು ನೋಡು ಅಂದರು. ಬಾಬೆಲಿನ ಸೆರೆಯಲ್ಲಿದ್ದ ಜನರಿಗೆ. ಕ್ರಿ.ಪೂ. 586ರಲ್ಲಿ ಬಾಬೆಲಿನವರ ಕೈಯಲ್ಲಿ ಅವರ ಯೆರೂಸಲೇಮ್ ಸುಟ್ಟುಹೋಗಿತ್ತು. ದೇವಾಲಯ ಹೋಗಿತ್ತು, ಮನೆ ಹೋಗಿತ್ತು, ಊರು ಹೋಗಿತ್ತು. ಎಲ್ಲವನ್ನೂ ಕಳೆದುಕೊಂಡವರಿಗೆ ದೇವರು ನಿನ್ನ ಸಂಗಡ ಇರುವೆನು ಅಂದದ್ದು. ಅದು ತಿಳಿದ ಮೇಲೆ ಆ ವಚನ ನನ್ನದೂ ಆಯಿತು.

ಎಲೀಯನ ಕಥೆ ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂತಾನೆ. ದೇವದೂತ ಬಂದು ಬೈಯಲಿಲ್ಲ, ಪ್ರಸಂಗವನ್ನೂ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಅಂದ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ. ದೇವರು ಮಾತಾಡಿದ್ದು ಆಮೇಲೆ. ಹಾಗಾಗಿ ಕಷ್ಟದಲ್ಲಿದ್ದವರಿಗೆ ನಾನು ಮೊದಲು ಕೇಳುವುದು ಊಟ ಆಯ್ತಾ ಅಂತ. ನಾನೂ ಹೆದರಿಕೆ ಹೆಚ್ಚಾದ ದಿನ ಉಪವಾಸ ಮಾಡುವುದಿಲ್ಲ. ಹೊಟ್ಟೆ ತುಂಬಾ ಉಂಡು ಬೇಗ ಮಲಗುತ್ತೇನೆ.

ದೇವರನ್ನು ನಂಬಿದವರು ತಯಾರಿ ಮಾಡಬಾರದು ಅನ್ನುವವರೂ ಇದ್ದಾರೆ. ಅವರು ನೆಹೆಮೀಯನನ್ನು ಓದಬೇಕು. ಹಾಳಾದ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟುವಾಗ ಶತ್ರುಗಳು ಬೆದರಿಸಿದರೆ ಅವನು ಪ್ರಾರ್ಥನೆಯನ್ನೂ ಮಾಡಿದ, ಹಗಲು ರಾತ್ರಿ ಕಾವಲನ್ನೂ ಇಟ್ಟ. ಈಗ ಜುಲೈ ಬರುವ ಮೊದಲೇ ರೇಷನ್ ಕಾರ್ಡ್, ಆಧಾರ್, ಮನೆ ಪತ್ರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸುತ್ತೇವೆ. ಮಷಿನ್ ಇಡಲು ಎತ್ತರದ ಓಣಿಯಲ್ಲಿ ಪರಿಚಯದವರ ಮನೆ ಕೇಳಿಟ್ಟಿದ್ದೇವೆ. ಹಿಡಕಲ್‌ನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಅನ್ನುವ ಸುದ್ದಿ ನೋಡುವುದು ನನ್ನ ಗಂಡನ ಕೆಲಸ. ರಾತ್ರಿ ನಾನು ಫೋನ್ ಮುಟ್ಟುವುದಿಲ್ಲ. 2021ರ ಜುಲೈನಲ್ಲಿ ಮತ್ತೆ ಹೊಳೆ ಬಂದಾಗ ಈ ತಯಾರಿ ಕೈ ಹಿಡಿಯಿತು. ಡಬ್ಬಿ ಹಿಡಿದು ಹೊರಡುವಾಗ ಕಾಲು ನಡುಗುತ್ತಿತ್ತು, ಬಾಯಲ್ಲಿ 'ಯೆಹೋವನು ನನಗೆ ಕುರುಬನು' ಇತ್ತು. ಎರಡೂ ಒಟ್ಟಿಗೇ ಇದ್ದವು.

ಇನ್ನು ಜನರ ಮಾತು. ನಿನ್ನಲ್ಲಿ ಏನೋ ಪಾಪ ಇರಬೇಕು, ಅದಕ್ಕೇ ಹೀಗಾಯಿತು ಅಂತ ಒಬ್ಬರು ಹೇಳಿದ್ದು ಮನಸ್ಸಿಗೆ ಚುಚ್ಚಿತ್ತು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಗೆಳೆಯರೂ ಹೀಗೇ ಅಂದರು. ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಅಲ್ಲಿಯವರೆಗೆ ಎಲ್ಲಾ ಸರಿಯಿತ್ತು. ನಮ್ಮ ಸಭೆಯ ಒಬ್ಬ ವಯಸ್ಸಾದ ಅಮ್ಮ ಮಾತ್ರ ಬೇರೆ ಥರ. ಬಂದರು, ಸೆರಗು ಸಿಕ್ಕಿಸಿಕೊಂಡರು, ಕೆಸರಾದ ಪಾತ್ರೆಗಳನ್ನು ನನ್ನ ಜೊತೆ ಸಂಜೆವರೆಗೂ ತೊಳೆದರು. ಹೊರಡುವಾಗ ತಲೆ ಮೇಲೆ ಕೈಯಿಟ್ಟು ಎರಡೇ ಮಾತಿನ ಪ್ರಾರ್ಥನೆ ಮಾಡಿದರು. ನಾನು ಪ್ರಾರ್ಥಿಸಲಾಗದ ದಿನಗಳಲ್ಲಿ ಅವರು ನನ್ನ ಪಾಲಿನದನ್ನೂ ಪ್ರಾರ್ಥಿಸಿದರು ಅಂತ ನಾನು ನಂಬುತ್ತೇನೆ.

ಯಾವ ಕೀರ್ತನೆಯಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು 13ನೆಯದು. ಆರೇ ವಚನ. ಮೊದಲ ಎರಡರಲ್ಲೇ ನಾಲ್ಕು ಸಲ 'ಎಷ್ಟರವರೆಗೆ' ಅಂತ ಬರೆದವನು ದೇವರನ್ನು ಕೇಳುತ್ತಾನೆ. ಐದನೆಯದರಲ್ಲಿ ನಿನ್ನ ಪ್ರೀತಿಯನ್ನು ನಂಬಿದ್ದೇನೆ ಅನ್ನುತ್ತಾನೆ. ಅಲ್ಲಿಗೆ ಬಂದಾಗ ಬಾಯಿ ಬಾರದಿದ್ದರೆ ನಿಲ್ಲಿಸಿ, ಮರುದಿನ ಮತ್ತೆ ಮೊದಲಿನಿಂದ ಓದಿ. ಆ ಐದನೇ ವಚನವನ್ನು ಮನಸ್ಸಿಟ್ಟು ಹೇಳಲು ನನಗೆ ಆ ವರ್ಷದ ಕ್ರಿಸ್‌ಮಸ್ ಹತ್ತಿರ ಬರಬೇಕಾಯಿತು.